ಬಿಸಿನೀರಣ್ಣ ಕೆರೆದುಹಾಕಿದ ನಕ್ಷತ್ರ

ಬೆಳಿಗ್ಗೆ ಸ್ನಾನಕ್ಕೆ ನಿಂತು ನಲ್ಲಿ ತಿರುಗಿಸಿ, ಮೈಮೇಲೆ ತಣ್ಣೀರು ಸುರಿದು ಕಿರುಚಿಕೊಂಡವರಿಗೆಲ್ಲ ಮೊದಲು ನೆನಪಾಗುವುದು ಬಿಸಿನೀರಣ್ಣ. ಗೀಸರ್ ರಿಪೇರಿ ಅವನ ಕಸುಬು. ಹೆಗಲಿಗೊಂದು ಚೀಲ, ಕಿವಿಗೊಂದು ಫೋನು, ಜೇಬಿನಲ್ಲಿ ಸ್ಕ್ರೂಡ್ರೈವರು. ಬಾಗಿಲು ತೆರೆದ ಕೂಡಲೇ ಮನೆಯವರು ಸಂಕಟ ತೋಡಿಕೊಳ್ಳಲು ಶುರುಮಾಡಿದರೆ, ಅವನು ಚಪ್ಪಲಿ ಬಿಡುತ್ತಲೇ ತೀರ್ಪು ಕೊಟ್ಟುಬಿಡುತ್ತಾನೆ: "ಉಪ್ಪು ಕಟ್ಟಿದೆ ಬಿಡಿ."

ನೂರಕ್ಕೆ ತೊಂಬತ್ತು ಸಲ ಅದು ಉಪ್ಪೇ ಆಗಿರುತ್ತದೆ. ಗೀಸರಿನ ಹೊಟ್ಟೆ ಬಿಚ್ಚಿ ಕಾಯಿಲ್ ಹೊರಗೆಳೆದರೆ ಅದರ ಮೈತುಂಬ ಬೆಳ್ಳಗೆ ಪೊರೆಗಟ್ಟಿರುತ್ತದೆ. ನೆಲವನ್ನು ತಳ ಸೀಳುವ ತನಕ ಕೊರೆದು ನೀರೆತ್ತಿದವರು ಯಾರೋ, ಆ ನೀರಿನ ಜೊತೆ ಬರುವ ಉಪ್ಪಿಗೆ ಬೈಸಿಕೊಳ್ಳುವವನು ಇವನು. "ಹೋದ ವರ್ಷ ತಾನೆ ಕ್ಲೀನ್ ಮಾಡಿದ್ರಿ, ಮತ್ತೆ ಹೇಗೆ ಬಂತು?" ಎಂದು ಕೇಳುತ್ತಾರೆ, ಇವನೇ ಜೇಬಿನಲ್ಲಿ ತುಂಬಿಕೊಂಡು ಬಂದು ಸುರಿದು ಹೋದ ಹಾಗೆ. ಕೊರೆಸಿದವರ ಮನೆಗೆ ಹೋಗಿ ಹೀಗೆ ಕೇಳಿದವರು ಯಾರೂ ಇಲ್ಲ. ಕೇಳುವುದಕ್ಕೆ ಸುಲಭವಾಗಿ ಸಿಗುವವನು ಯಾವಾಗಲೂ ಚೀಲ ಹೊತ್ತವನೇ.

ಇಷ್ಟು ವರ್ಷ ಉಪ್ಪಿನ ಜೊತೆ ಗುದ್ದಾಡಿ ಬಿಸಿನೀರಣ್ಣನ ಕೈಗೆ ಒಂದು ಚಾಳಿ ಹತ್ತಿಕೊಂಡಿದೆ. ಎಲ್ಲೇ ಬಿಳಿ ಪೊರೆ ಕಾಣಲಿ, ಕೆರೆಯದೆ ಬಿಡುವುದಿಲ್ಲ. ನೆಂಟರ ಮನೆಗೆ ಹೋದರೆ ಮಾತು ಬಾಯಲ್ಲಿ, ಉಗುರು ನಲ್ಲಿಯ ಮೂತಿಯಲ್ಲಿ. ಒಮ್ಮೆ ಹೋಟೆಲಿನಲ್ಲಿ ಕೈ ತೊಳೆಯಲು ಹೋದವನು ಊಟ ಆರಿದರೂ ಬರಲಿಲ್ಲವೆಂದು ಹೆಂಡತಿ ಎದ್ದು ಹೋಗಿ ನೋಡಿದರೆ, ಸಾಲಾಗಿದ್ದ ನಲ್ಲಿಗಳಲ್ಲಿ ಅರ್ಧ ಬಿಚ್ಚಿಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ ಮಾಣಿಯೊಬ್ಬ, ಇವನು ಕಳ್ಳನೋ ಹುಚ್ಚನೋ ತಿಳಿಯದೆ, ಟವೆಲ್ ಹಿಡಿದು ಕಾವಲು ನಿಂತಿದ್ದ.

ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಮಷೀನು ಓಡತೊಡಗಿದರೆ ಗೋಡೆಯ ಮೇಲಿನ ಗಡಿಯಾರದಿಂದ ಅಡುಗೆಮನೆಯ ಲೋಟದವರೆಗೆ ಎಲ್ಲವೂ ಸಣ್ಣಗೆ ನಡುಗುತ್ತವೆ. ನಡುಗದ ಜಾಗ ಆ ಮನೆಯಲ್ಲಿ ಒಂದೇ: ಹಿತ್ತಿಲ ಬಾಗಿಲಾಚೆಗಿನ ಕಲ್ಲಿನ ಕಟ್ಟೆ. ಅದನ್ನು ಬಿಸಿನೀರಣ್ಣ ತನ್ನ ಸ್ವಂತ ಆಸ್ತಿ ಮಾಡಿಕೊಂಡಿದ್ದ. ಹಠಮಾರಿ ಕಾಯಿಲುಗಳನ್ನು ಮನೆಗೆ ತಂದು, ಹಳೇ ಜಾಮ್ ಬಾಟಲಿಗಳಲ್ಲಿ ಹುಳಿನೀರು ತುಂಬಿ, ಅದರೊಳಗೆ ಮುಳುಗಿಸಿ ಆ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಬೆಳಗಾಗುವಷ್ಟರಲ್ಲಿ ಉಪ್ಪು ಸಡಿಲವಾಗಿರುತ್ತಿತ್ತು. ತಂತಿ ಬ್ರಷ್ಷು ತೆಗೆದುಕೊಂಡು ಉಜ್ಜಿದರೆ ಮುಗಿಯಿತು.

"ಬೇರೆಯವರ ಮನೆ ಕಿಟಕೀಲಿ ಹೂಕುಂಡ ಇರುತ್ತೆ. ನಮ್ಮನೇಲಿ ತುಕ್ಕು ನೆನೆಹಾಕಿರ್ತೀರಿ," ಎನ್ನುತ್ತಿದ್ದಳು ಹೆಂಡತಿ.

"ಹೂವೇನು ನೀರು ಕಾಯಿಸುತ್ತಾ?"

"ನಿಮ್ಮ ಬಾಟಲೀನೂ ಕಾಯಿಸಲ್ಲ. ನನ್ನ ತಲೆ ಕಾಯಿಸುತ್ತೆ, ಅಷ್ಟೆ."

ಇವರಿಬ್ಬರಿಗೆ ಒಬ್ಬಳೇ ಮಗಳು, ಐದನೇ ಕ್ಲಾಸು. ಅಪ್ಪನ ಹಾಗೆ ಕೈ ಸುಮ್ಮನಿರದು, ಅಮ್ಮನ ಹಾಗೆ ಬಾಯಿ ಸುಮ್ಮನಿರದು. ಮನೆಯವರೆಲ್ಲ ಕರೆಯುವುದು ಚೂಟಿ ಎಂದು.

ಹೋದ ವರ್ಷ ಚೂಟಿಯ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಾಯಿತು. ಮಕ್ಕಳೇ ಏನಾದರೂ ಮಾಡಿ ತರಬೇಕೆಂದು ಹೇಳಿದ್ದರು. ಬಿಸಿನೀರಣ್ಣ ಮಗಳ ಕೈಯಿಂದ ರಟ್ಟು ಕಿತ್ತುಕೊಂಡು, ಹಳೇ ಮೋಟಾರು ಜೋಡಿಸಿ, ಗಾಳಿಯಂತ್ರ ಮಾಡಿಕೊಟ್ಟ. ಅದು ಗಿರಗಿರ ತಿರುಗಿ ಬಹುಮಾನವನ್ನೂ ತಂದಿತು. ಆದರೆ ವೇದಿಕೆಯ ಮೇಲೆ ಟೀಚರು, "ಇದು ಹೇಗೆ ತಿರುಗುತ್ತೆ, ಹೇಳಮ್ಮ," ಎಂದಾಗ ಚೂಟಿಯ ಬಾಯಿಗೆ ಬೀಗ ಬಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹುಡುಗಿ ಅಂದು ನೆಲ ನೋಡಿಕೊಂಡು ನಿಂತಳು. ಆಮೇಲೆ ಆ ಬಹುಮಾನದ ಲೋಟವನ್ನು ಅಪ್ಪ ಬಂದವರಿಗೆಲ್ಲ ತೋರಿಸಿದ. ಮಗಳು ಒಂದು ದಿನವೂ ಅದರಲ್ಲಿ ನೀರು ಕುಡಿಯಲಿಲ್ಲ.

ಈ ವರ್ಷ ಹರಳಿನ ಅಲಂಕಾರ. ಪೋಷಕರು ಬರುವ ದಿನ ಸಭಾಂಗಣದ ತುಂಬ ಹರಳಿನ ನಕ್ಷತ್ರ ತೂಗಬೇಕು, ಐದನೇ ಕ್ಲಾಸಿನವರು ಒಬ್ಬೊಬ್ಬರೂ ಒಂದನ್ನು ಮನೆಯಲ್ಲಿ ಬೆಳೆಸಿ ತಂದು, ಬೆಳೆಸಿದ್ದು ಹೇಗೆಂದು ಹೇಳಬೇಕು. ಟೀಚರು ವಿಧಾನ ತಿಳಿಸಿದ್ದರು: ಕ್ಷೌರವಾದ ಮೇಲೆ ಗಲ್ಲಕ್ಕೆ ಉಜ್ಜುತ್ತಾರಲ್ಲ, ಆ ಪಟಿಕವನ್ನು ಪುಡಿಮಾಡಿ, ಬಿಸಿನೀರಿನಲ್ಲಿ ಇನ್ನು ಕರಗುವುದಿಲ್ಲ ಎನ್ನುವವರೆಗೂ ಕಲಸಬೇಕು. ತಂತಿಯನ್ನು ನಕ್ಷತ್ರದ ಆಕಾರಕ್ಕೆ ಬಗ್ಗಿಸಿ, ನೂಲು ಸುತ್ತಿ, ಅದರಲ್ಲಿ ಇಳಿಬಿಡಬೇಕು. ಆಮೇಲೆ ಅಲ್ಲಾಡಿಸದೆ, ಮುಟ್ಟದೆ ಬಿಡಬೇಕು. ನೀರು ಆರುತ್ತ ಆರುತ್ತ, ಕರಗಿ ಮಾಯವಾಗಿದ್ದ ಪಟಿಕ ಹರಳಾಗಿ ನೂಲಿನ ಮೇಲೆ ಬಂದು ಕೂರುತ್ತದೆ.

"ಅಂಗಡೀಲಿ ರೆಡಿ ಸಿಗುತ್ತೆ, ನಾವೆಲ್ಲ ಅಲ್ಲೇ ತಗೊಳ್ಳೋದು," ಎಂದರು ಗೆಳತಿಯರು.

"ನಾನು ತಗೊಳ್ಳಲ್ಲ. ಬೆಳೆಸ್ತೀನಿ," ಎಂದಳು ಚೂಟಿ, ಇಡೀ ಕ್ಲಾಸಿಗೆ ಕೇಳುವ ಹಾಗೆ.

ಹಾಗಂದವಳು ಮಾಡಿಯೂ ಮಾಡಿದಳು. ಅಪ್ಪನ ಚೀಲದಿಂದ ತಂತಿ, ಅಮ್ಮನ ಡಬ್ಬಿಯಿಂದ ನೂಲು, ಒಲೆ ಹಚ್ಚುವುದಕ್ಕೆ ಮಾತ್ರ ಅಮ್ಮನ ಕೈ. ಐದು ಮೂಲೆಯ ನಕ್ಷತ್ರ ಬಗ್ಗಿಸಿ, ಬಾಟಲಿಯಲ್ಲಿ ಇಳಿಬಿಟ್ಟು, ಅಲ್ಲಾಡದ ಜಾಗ ಹುಡುಕಿ ಹಿತ್ತಿಲ ಕಟ್ಟೆಯ ಮೇಲೆ ಇಟ್ಟಳು. ಅಪ್ಪನಿಗೆ ಹೇಳಿಯೇ ಇಟ್ಟಳು.

"ಅಪ್ಪ, ನಿನ್ನ ಬಾಟಲಿ ಪಕ್ಕ ನನ್ನದೂ ಒಂದಿದೆ. ಮುಟ್ಬೇಡ, ಆಯ್ತಾ?"

ಬಿಸಿನೀರಣ್ಣ ಫೋನಿನಲ್ಲಿದ್ದ. ಯಾರದೋ ಗೀಸರಿನಿಂದ ಹೊಗೆ ಬರುತ್ತಿತ್ತು. "ಹ್ಞೂಂ," ಎಂದ. ಮನೆಯ ಗಂಡಸರು ಮಕ್ಕಳಿಗೆ ಕೊಡುವ ಈ 'ಹ್ಞೂಂ' ಇದೆಯಲ್ಲ, ಅದು ಖೋಟಾ ನಾಣ್ಯ. ಮಕ್ಕಳು ಮಾತ್ರ ಅದನ್ನು ನಿಜವೆಂದು ನಂಬಿ ಜೋಪಾನ ಮಾಡುತ್ತಾರೆ.

ಎರಡು ದಿನ ಕಳೆದು, ಬೆಳಗಿನ ಜಾವ ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲೇ ಒಂದು ಫೋನು ಬಂತು: ಮನೆಯಲ್ಲಿ ಬಾಣಂತಿ ಇದ್ದಾಳೆ, ಬಿಸಿನೀರಿಲ್ಲ, ಓಡಿ ಬಾ. ನೆನೆಹಾಕಿದ್ದ ಕಾಯಿಲ್ ಅವರದೇ. ಬಿಸಿನೀರಣ್ಣ ಕನ್ನಡಕ ಹುಡುಕುವ ಗೋಜಿಗೂ ಹೋಗದೆ ಕಟ್ಟೆಯ ಹತ್ತಿರ ಬಂದ. ಬಾಟಲಿಗಳ ಸಾಲು. ಮೊದಲನೆಯದರಲ್ಲಿ ಕೈ ಹಾಕಿ ಎತ್ತಿದರೆ, ಬಗ್ಗಿದ ತಂತಿ, ಅದರ ಮೈತುಂಬ ಗಟ್ಟಿಯಾದ ಬಿಳಿ.

"ಅಬ್ಬಬ್ಬಾ! ಎರಡು ದಿನ ನೆನೆದರೂ ಬಿಟ್ಟಿಲ್ವಲ್ಲ ನೀನು!"

ಉಪ್ಪಿಗೆ ಇಷ್ಟು ಸೊಕ್ಕಿರುವುದನ್ನು ಅವನು ತನ್ನ ಜನ್ಮದಲ್ಲೇ ಕಂಡಿರಲಿಲ್ಲ. ಬ್ರಷ್ಷು ಹಿಡಿದು ಉಜ್ಜಿದ. ಒಳಗೆ ನೂಲು ಸುತ್ತಿದ್ದು ಕೈಗೆ ಸಿಕ್ಕಿತು. "ಯಾವ ದಡ್ಡ ಇದಕ್ಕೆ ನೂಲು ಸುತ್ತಿದ್ದು?" ಎಂದು ಕಾಣದ ಆ ಮೆಕ್ಯಾನಿಕ್ಕಿಗೆ ಬೈದು, ನೂಲು ಬಿಚ್ಚಿ ಎಸೆದ. ಕಾದ ನೀರು ಹೊಯ್ದು ತೊಳೆದ. ಬಾಟಲಿಯನ್ನು ಮೋರಿಗೆ ಬಗ್ಗಿಸಿ ಅದನ್ನೂ ತಿಕ್ಕಿದ. ತಂತಿ ಫಳಫಳ ಹೊಳೆಯತೊಡಗಿದಾಗ, ಇದು ಕಾಯಿಲಿಗಿಂತ ತೀರ ಸಣ್ಣದೆಂದು ಅನ್ನಿಸಿದ್ದು ನಿಜ. ಯಾವುದೋ ಬಿಡಿಭಾಗ ಇರಬೇಕೆಂದು ಮೊಳೆಗೆ ತೂಗುಹಾಕಿ, ಪಕ್ಕದ ಬಾಟಲಿಯಿಂದ ಬಾಣಂತಿ ಮನೆಯ ಕಾಯಿಲ್ ತೆಗೆದುಕೊಂಡು ಓಡಿದ. ದಾರಿಯುದ್ದಕ್ಕೂ ಅವನಿಗೆ, ಬೆಳಿಗ್ಗೆ ಬೆಳಿಗ್ಗೆಯೇ ಒಂದು ಒಳ್ಳೆಯ ಕೆಲಸ ಹೆಚ್ಚಿಗೆ ಮಾಡಿದೆ ಎಂಬ ಸಮಾಧಾನ.

ಚೂಟಿ ಬೆಳಿಗ್ಗೆ ಕಟ್ಟೆಯ ಕಡೆ ಹೋಗಲೇ ಇಲ್ಲ. ಪದೇ ಪದೇ ಇಣುಕಿದರೆ ಕೈ ತಾಗಿ ಅಲ್ಲಾಡುತ್ತದೆಂದು, ಸಂಜೆಗೊಂದೇ ಸಲ ನೋಡುವುದೆಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಅವಳು ಶಾಲೆಗೆ ಹೋದ ಮೇಲೆ ಬಟ್ಟೆ ಒಣಹಾಕಲು ಹಿತ್ತಿಲಿಗೆ ಬಂದ ಅಮ್ಮನಿಗೆ ಕಂಡದ್ದು ಖಾಲಿ ಬಾಟಲಿ, ಮೊಳೆಗೆ ನೇತಾಡುವ ಬೆತ್ತಲೆ ನಕ್ಷತ್ರ.

ಹೆಂಡತಿಯ ಫೋನು ಬಂದಾಗ ಬಿಸಿನೀರಣ್ಣ ಬಾಣಂತಿಯ ಮನೆಯ ಬಚ್ಚಲಲ್ಲಿ ಸ್ಟೂಲಿನ ಮೇಲೆ ನಿಂತಿದ್ದ.

"ರೀ, ಕಟ್ಟೆ ಮೇಲೆ ತುದೀಲಿದ್ದ ಬಾಟಲಿ ಏನು ಮಾಡಿದ್ರಿ?"

"ಕ್ಲೀನ್ ಮಾಡಿಟ್ಟಿದ್ದೀನಲ್ಲೇ. ಏನು ಗಟ್ಟಿ ಅಂತೀಯ! ಕೈ ಬಿದ್ದುಹೋಯ್ತು."

"ಅದು ನಿಮ್ಮ ಮಗಳ ನಕ್ಷತ್ರ."

ಬಿಸಿನೀರಣ್ಣ ನಿಂತಿದ್ದ ಸ್ಟೂಲಿನ ಮೇಲೆಯೇ ಕುಕ್ಕರಿಸಿದ. "ಹಂಗಾದ್ರೆ ಆ ಉಪ್ಪು..."

"ಹರಳು ಕಣ್ರೀ, ಹರಳು! ಎಷ್ಟು ಚೊಕ್ಕಟವಾಗಿ ಕೆರೆದಿದ್ದೀರಿ! ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿನ ನನ್ನ ತವಾ ಹೀಗೆ ತಿಕ್ಕಿಕೊಟ್ಟಿಲ್ಲ ನೀವು."

ಪ್ರದರ್ಶನ ನಾಳಿದ್ದು. ಮಗಳು ಸಂಜೆ ಬಂದು ನೋಡುತ್ತಾಳೆ. ಬಿಸಿನೀರಣ್ಣನಿಗೆ ಬಾಣಂತಿಯ ಗೀಸರಿಗಿಂತ ಮೊದಲು ತನ್ನ ತಲೆ ಕಾದುಹೋಯಿತು. ಕಾಯಿಲ್ ಜೋಡಿಸಿದವನೇ ನೇರವಾಗಿ ಶಾಲೆಯ ಎದುರಿನ ಪುಸ್ತಕದಂಗಡಿಗೆ ನಡೆದ.

ಆ ಅಂಗಡಿಯಲ್ಲಿ ಪುಸ್ತಕ ಈಗ ಒಂದು ಮೂಲೆಗೆ ಸರಿದಿದೆ. ಉಳಿದ ಜಾಗದಲ್ಲಿ ಮಕ್ಕಳ ಬುದ್ಧಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೂಗುಹಾಕಿದ್ದಾರೆ. ಮಾಡಿ ಕಲಿಯಲಿ ಎಂದು ಶಾಲೆ ಹೇಳುತ್ತದೆ; ಮಾಡಿದ್ದನ್ನು ಅಂಗಡಿ ಮಾರುತ್ತದೆ; ಮಗುವಿನ ಪಾಲಿಗೆ ಉಳಿಯುವುದು ಹೊತ್ತುಕೊಂಡು ಹೋಗುವ ಕೆಲಸ. ಸಾಮಾನು ಸಾಗಿಸುವುದನ್ನು ವಿಜ್ಞಾನ ಎಂದು ಕರೆದು ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ.

"ಯಾವ ಕ್ಲಾಸು ಬಿಸಿನೀರಣ್ಣ?" ಎಂದ ಅಂಗಡಿಯವನು, ತಲೆ ಎತ್ತದೆ.

"ಐದು."

"ಐದಕ್ಕೆ ಹರಳು, ಆರಕ್ಕೆ ಜ್ವಾಲಾಮುಖಿ, ಏಳಕ್ಕೆ ಗ್ರಹ. ತಗೋ, ನಕ್ಷತ್ರ. ಇದೇ ಕೊನೇದು."

"ಇದು... ಬೆಳೆಸಿದ್ದಾ?"

"ಬೆಳೆಸೋಕೆ ಇದೇನು ಬದನೇಕಾಯಾ? ಅಂಟಿಸಿದ್ದು. ನೋಡೋಕೆ ಹಂಗೇ ಇದೆ ತಾನೆ? ಜೊತೆಗೆ ಚೀಟೀನೂ ಇದೆ, ಮಗು ಬಾಯಿಪಾಠ ಮಾಡಿದ್ರೆ ಆಯ್ತು."

ಚೀಟಿಯನ್ನು ಬಿಸಿನೀರಣ್ಣ ಓದಿದ. 'ಈ ಹರಳನ್ನು ನಾನೇ ನನ್ನ ಮನೆಯಲ್ಲಿ ಬೆಳೆಸಿದೆ' ಎಂದು ಶುರುವಾಗುತ್ತಿತ್ತು. ಸುಳ್ಳನ್ನೂ ಅಚ್ಚು ಹಾಕಿಸಿ, ನಕ್ಷತ್ರದ ಜೊತೆ ಪುಕ್ಕಟೆ ಕೊಡುತ್ತಿದ್ದರು. ಓದಿ ಅವನಿಗೆ ಮೈಯೆಲ್ಲ ಉರಿಯಿತು. ಉರಿದುಕೊಂಡೇ ನಕ್ಷತ್ರವನ್ನು ಕೊಂಡ. ಸಿಟ್ಟು ಬಂದ ಮಾತ್ರಕ್ಕೆ ನಾವೇನು ಕೈ ಹಿಂದೆಗೆಯುತ್ತೇವೆಯೇ?

ಮನೆಗೆ ಬಂದು ಬಾಟಲಿಗೆ ನೀರು ತುಂಬಿ, ಅಂಗಡಿಯ ನಕ್ಷತ್ರವನ್ನು ಅದರಲ್ಲಿ ಇಳಿಬಿಟ್ಟು, ಕಟ್ಟೆಯ ಮೇಲೆ ಮೊದಲಿನ ಜಾಗದಲ್ಲೇ ಇಟ್ಟ. ಚೀಟಿಯನ್ನು ಚೂರುಚೂರು ಮಾಡಿ ಎಸೆದ. ಹೆಂಡತಿ ಬಾಗಿಲಿಗೊರಗಿ ನಿಂತು ಎಲ್ಲವನ್ನೂ ನೋಡಿದಳು.

"ನಾನಂತೂ ಒಂದು ಮಾತೂ ಆಡಲ್ಲ. ಮುಂದಿದ್ದು ನೀವುಂಟು, ನಿಮ್ಮ ಮಗಳುಂಟು."

ಸಂಜೆ ಚೂಟಿ ಬಂದವಳೇ ಚೀಲ ಬಿಸಾಡಿ ಹಿತ್ತಿಲಿಗೆ ಓಡಿದಳು. ಬಿಸಿನೀರಣ್ಣ ಬಾಗಿಲ ಮರೆಯಲ್ಲಿ ಸ್ಪ್ಯಾನರು ಒರೆಸುತ್ತ ನಿಂತ. ಸ್ಪ್ಯಾನರಿನಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಚೂಟಿ ಬಾಟಲಿಗೆ ಮೂಗು ತಾಗಿಸಿ, ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ: "ಅಪ್ಪಾ."

"ಏನ್ ಕಂದ? ಬೆಳೆದಿದೆಯಾ?"

"ನನ್ನ ನಕ್ಷತ್ರಕ್ಕೆ ಐದು ಮೂಲೆ ಇತ್ತು. ಇದಕ್ಕೆ ಆರಿದೆ."

ಬಿಸಿನೀರಣ್ಣ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸಿದ. ಕೊಳ್ಳುವಾಗ ಮೂಲೆ ಎಣಿಸಬೇಕೆಂದು ಹೊಳೆದೇ ಇರಲಿಲ್ಲ. "ಒಂದು... ಹೆಚ್ಚಿಗೆ ಬೆಳೆದಿರಬೇಕು ನೋಡು."

"ಮೂಲೆ ಬೆಳೆಯುತ್ತಾ ಅಪ್ಪ?"

"ನೀರು ಚೆನ್ನಾಗಿದ್ರೆ..."

ಅಷ್ಟರಲ್ಲಿ ಬಾಟಲಿಯೇ ಅವನ ಮರ್ಯಾದೆ ತೆಗೆಯಿತು. ಬೆಳಗಿನಿಂದ ನೀರಲ್ಲಿ ನೆಂದು ಅಂಟು ಬಿಟ್ಟಿತ್ತು. ಚೂಟಿ ದಾರ ಹಿಡಿದು ಎತ್ತಿದ್ದೇ ತಡ, ಮಿನುಗುವ ಪುಡಿಯೆಲ್ಲ ಜರ್ರನೆ ಕಳಚಿ ನೀರಿನ ತುಂಬ ಹರಡಿಕೊಂಡು, ದಾರದ ತುದಿಯಲ್ಲಿ ಉಳಿದದ್ದು ಒದ್ದೆ ರಟ್ಟಿನ ಒಂದು ಚೂರು. ಅದರ ಮೇಲೆ ಯಾವುದೋ ಬಿಸ್ಕತ್ತಿನ ಜಾಹೀರಾತು. ಒಳಗಿನಿಂದ ಹೆಂಡತಿ ಬಿದ್ದು ಬಿದ್ದು ನಗುವುದು ಕೇಳಿಸಿತು. ಆಡಲ್ಲ ಎಂದಿದ್ದಳು, ನಗುವುದಿಲ್ಲ ಎಂದಿರಲಿಲ್ಲ.

ಬಿಸಿನೀರಣ್ಣ ಮೊಳೆಯಿಂದ ತಂತಿ ತೆಗೆದು ಮಗಳ ಮುಂದೆ ಹಿಡಿದ. "ನಾನೇ ಕೆರೆದುಹಾಕಿದೆ ಕಂದ. ನನ್ನ ಕಾಯಿಲ್ ಅಂದ್ಕೊಂಡೆ. ಕನ್ನಡಕ ಹಾಕಿರಲಿಲ್ಲ."

"ನಾನು ಹೇಳಿದ್ದೆ. ನೀನು ಹ್ಞೂಂ ಅಂದಿದ್ದೆ."

"ಅಂದಿದ್ದೆ."

ಚೂಟಿ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು. ಅವಳು ತಂತಿಯನ್ನು ತಿರುಗಿಸಿ ನೋಡುತ್ತ ಹೇಳಿದಳು: "ಹೋದ ವರ್ಷ ಫ್ಯಾನು ನಿಂದಾಗಿತ್ತು. ಎಲ್ಲರ ಎದುರಿಗೆ ನಾನು ಸುಮ್ಮನೆ ನಿಂತಿದ್ದೆ. ಈ ವರ್ಷ ಇದನ್ನೂ ನಿಂದೇ ಮಾಡ್ಬಿಟ್ಟೆಯಲ್ಲ ಅಪ್ಪ."

ಬಹುಮಾನದ ಲೋಟ ಮಗಳಿಗೆ ಏಕೆ ಸೇರುವುದಿಲ್ಲವೆಂದು ಬಿಸಿನೀರಣ್ಣನಿಗೆ ಗೊತ್ತಾದದ್ದು ಆಗ. ಇಷ್ಟು ದಿನ ಅದನ್ನು ಕೇಳಿರಲೂ ಇಲ್ಲ.

"ಇನ್ನೂ ನಾಳೆ ಇಡೀ ದಿನ ಇದೆ," ಎಂದ ಮೆಲ್ಲಗೆ. "ಪಟಿಕ ತರ್ತೀನಿ. ಅಷ್ಟು ಮಾತ್ರ ತರ್ತೀನಿ."

ದಿನಸಿ ಅಂಗಡಿಯಲ್ಲಿ ಪಟಿಕ ಮುಗಿದಿತ್ತು. ಮೂಲೆಯ ಕ್ಷೌರದಂಗಡಿಗೆ ಅಪ್ಪ ಮಗಳು ಒಟ್ಟಿಗೆ ಹೋದರು. ಕ್ಷೌರಿಕ ತನ್ನ ಡ್ರಾಯರಿನಲ್ಲಿದ್ದ ಹೊಸ ಗಟ್ಟಿಯನ್ನು ಎದೆಗವಚಿಕೊಂಡ.

"ಇದನ್ನ ಕೊಟ್ರೆ ನಾಳೆ ನನ್ನ ಗಿರಾಕಿ ಗಲ್ಲದ ಗತಿ ಏನು?"

"ನಿಧಾನವಾಗಿ ಕೆರೆಯಿರಿ ಮಾಮ, ಗಾಯ ಆಗಲ್ಲ," ಎಂದಳು ಚೂಟಿ. "ನಮ್ಮಪ್ಪನ ಥರ ಕೆರೀಬೇಡಿ."

ಕನ್ನಡಿಯ ಮುಂದೆ ನೊರೆ ಹಚ್ಚಿಕೊಂಡು ಕೂತಿದ್ದ ಗಿರಾಕಿ ನಕ್ಕಾಗ ನೊರೆಯೆಲ್ಲ ಬಾಯಿಗೆ ಹೋಯಿತು. ಗಟ್ಟಿ ಚೂಟಿಯ ಕೈಗೆ ಬಂತು.

ಅಂದು ಸಂಜೆ ಅವಳೇ ಕುಟ್ಟಿದಳು, ಅವಳೇ ಕಲಸಿದಳು, ಅದೇ ತಂತಿಗೆ ಅವಳೇ ಹೊಸ ನೂಲು ಸುತ್ತಿದಳು. ಬಿಸಿನೀರಣ್ಣ ಸುತ್ತ ಸುತ್ತ ತಿರುಗಿದ.

"ನಾನೇನು ಮಾಡ್ಲಿ?"

"ಏನೂ ಮಾಡ್ಬೇಡ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ಕೈ ಹಿಂದೆ ಕಟ್ಕೋ."

ಕಟ್ಟಿಕೊಂಡ. ಗೋಡೆ ಕೊರೆಯುವುದು, ಗೀಸರ್ ಹೊರುವುದು, ಸುಡುವ ಪೈಪು ಹಿಡಿಯುವುದು ಎಲ್ಲ ಬಲ್ಲವನಿಗೆ ಇದರಷ್ಟು ಕಷ್ಟದ ಕೆಲಸ ಯಾರೂ ಹೇಳಿರಲಿಲ್ಲ. ಕಟ್ಟೆಯ ಮೇಲಿದ್ದ ತನ್ನ ಬಾಟಲಿಗಳನ್ನೆಲ್ಲ ಮಂಚದ ಕೆಳಗೆ ಸಾಗಿಸಿದ. ಮರುದಿನ ಹಿತ್ತಿಲ ಬಾಗಿಲ ಹತ್ತಿರ ಬಂದಾಗಲೆಲ್ಲ ತುದಿಗಾಲಲ್ಲಿ ನಡೆದ. ಫೋನು ಬಂದರೆ ಪಿಸುಮಾತಿನಲ್ಲಿ, "ಉಪ್ಪು ಕಟ್ಟಿದೆ, ಬರ್ತೀನಿ," ಎಂದ. ಆ ಕಡೆಯವರು ಇವನಿಗೇನೋ ಆಗಿದೆಯೆಂದು ಗಾಬರಿಯಾದರು.

"ಹರಳಿಗೆ ಕಿವಿ ಇಲ್ಲ ಅಪ್ಪ," ಎಂದಳು ಚೂಟಿ.

"ಇದ್ರೆ? ಯಾಕೆ ಬೇಕು?"

ಪ್ರದರ್ಶನದ ಬೆಳಿಗ್ಗೆ ಮೂವರೂ ಕಟ್ಟೆಯ ಸುತ್ತ ನಿಂತರು. ಚೂಟಿ ದಾರ ಎತ್ತಿದಳು. ನಕ್ಷತ್ರದ ಮೈತುಂಬ ಹರಳು: ಒಂದು ಮೂಲೆ ಊದಿಕೊಂಡಿತ್ತು, ಒಂದು ಮೂಲೆ ಬೋಳು, ಉಳಿದವು ಒಂದರ ಹಾಗೆ ಒಂದಿಲ್ಲ. ಬಿಸಿಲಿಗೆ ಹಿಡಿದಾಗ ಒಂದೊಂದು ಹರಳಿನಲ್ಲೂ ಒಂದೊಂದು ಕಿಡಿ. ಬಿಸಿನೀರಣ್ಣ ಬಾಯಿ ತೆರೆದು ನೋಡಿದ. ಜೀವಮಾನವಿಡೀ ಕೆರೆದು ಕಸಕ್ಕೆ ಹಾಕುತ್ತ ಬಂದದ್ದರ ನೆಂಟನೇ ಇದು. ಒಮ್ಮೆಯೂ ಬೆಳಕಿಗೆ ಹಿಡಿದು ನೋಡಿರಲಿಲ್ಲ.

"ಆ ಬೋಳು ಮೂಲೆಗೆ ಚೂರು..." ಎಂದು ಅವನ ಕೈ ಹಿಂದಿನಿಂದ ಮುಂದೆ ಬಂತು.

"ಅಪ್ಪಾ!"

"ಇಲ್ಲ, ಇಲ್ಲ," ಕೈ ವಾಪಸು ಹೋಯಿತು.

ಶಾಲೆಯ ಸಭಾಂಗಣ ಥಳಥಳಿಸುತ್ತಿತ್ತು. ವೇದಿಕೆಯ ಮುಂದೆ ಸಾಲಾಗಿ ತೂಗುತ್ತಿದ್ದವು ಆರು ಮೂಲೆಯ ನಕ್ಷತ್ರಗಳು, ಒಂದೇ ಅಚ್ಚು, ಒಂದೇ ಹೊಳಪು, ಒಂದೇ ಅಂಗಡಿ. ಚೂಟಿಯ ನಕ್ಷತ್ರ ಅಲ್ಲಿರಲಿಲ್ಲ. ಹುಡುಕಿದರೆ, ಅದನ್ನು ಹಿಂದಿನ ಕಿಟಕಿಗೆ, ಕೈತೊಳೆಯುವ ನಲ್ಲಿಯ ಪಕ್ಕಕ್ಕೆ ಕಟ್ಟಿದ್ದರು.

ಚೂಟಿಯ ಟೀಚರು ಸಣ್ಣ ವಯಸ್ಸಿನವಳು. ಬಿಸಿನೀರಣ್ಣನ ಮುಖ ನೋಡಿ ಅವಳೇ ಹತ್ತಿರ ಬಂದಳು. "ಸಾಲು ಒಂದೇ ಥರ ಕಾಣಬೇಕು ಅಂತ ಹೆಡ್ ಮಿಸ್ ಹೇಳಿದ್ರು. ಇದು ಓರೆ ಇದೆಯಂತೆ." ಹೇಳುತ್ತ ಅವಳು ಕಣ್ಣು ತಪ್ಪಿಸಿದಳು. ಬೆಳೆದದ್ದು ಓರೆಯಾಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನೆಟ್ಟಗಿರುವುದನ್ನೇ ಮುಂದೆ ತೂಗುಹಾಕುವ ಜನರ ಕೈಕೆಳಗೆ ಅವಳಿಗೆ ಸಂಬಳವಿತ್ತು. ಬಿಸಿನೀರಣ್ಣನಿಗೆ ಆ ಸಾಲನ್ನೆಲ್ಲ ಒಂದು ಬಕೆಟ್ ನೀರಲ್ಲಿ ಅದ್ದಿ, ಬಿಸ್ಕತ್ತಿನ ಜಾಹೀರಾತನ್ನು ಎಲ್ಲರಿಗೂ ತೋರಿಸಿಬಿಡಬೇಕೆನ್ನಿಸಿತು. ಬೆನ್ನ ಹಿಂದೆ ಕೈಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡವು.

ಮಕ್ಕಳು ಒಬ್ಬೊಬ್ಬರಾಗಿ ಹೇಳಿದರು. "ಈ ಹರಳನ್ನು ನಾನೇ ನನ್ನ ಮನೆಯಲ್ಲಿ ಬೆಳೆಸಿದೆ..." ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವಳೂ ಅದನ್ನೇ. ಒಬ್ಬ ನಡುವೆ ಮರೆತಾಗ, ಕೆಳಗೆ ಕುಳಿತ ಅವನ ಅಪ್ಪನೇ ಮುಂದಿನ ಸಾಲು ಹೇಳಿಕೊಟ್ಟ. ದೊಡ್ಡವರೆಲ್ಲ ನಸುನಗುತ್ತ ತಲೆದೂಗಿದರು. ಸುಳ್ಳು ಎಂದು ಗೊತ್ತಿದ್ದೂ ಅಷ್ಟು ಜನ ಒಟ್ಟಿಗೆ ತಲೆದೂಗುವುದನ್ನು ಮಕ್ಕಳು ನೋಡುತ್ತಿದ್ದರು. ಅಂದು ಅವರು ಕಲಿತ ನಿಜವಾದ ಪಾಠ ಅದೇ.

ಚೂಟಿಯ ಸರದಿ ಬಂತು. ಅವಳು ವೇದಿಕೆ ಹತ್ತಲಿಲ್ಲ. "ನನ್ನದು ಅಲ್ಲಿದೆ ಮಿಸ್," ಎಂದು ಹಿಂದಿನ ಕಿಟಕಿಗೆ ನಡೆದಳು. ಎಲ್ಲರೂ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಬೇಕಾಯಿತು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು.

"ಇದು ಎರಡನೇದು," ಎಂದಳು. "ಮೊದಲನೇದು ಚೆನ್ನಾಗಿ ಬಂದಿತ್ತು. ಅದನ್ನ ನಮ್ಮಪ್ಪ ಗೀಸರ್ ಕಾಯಿಲ್ ಅಂದ್ಕೊಂಡು ಕೆರೆದುಬಿಟ್ರು."

ಸಭೆ ಗೊಳ್ಳೆಂದು ನಕ್ಕಿತು. ಬಿಸಿನೀರಣ್ಣನ ಕಿವಿ ಕೆಂಪಾಯಿತು. ಅವನೂ ನಕ್ಕ.

"ಈ ಒಂದು ಮೂಲೆ ಯಾಕೆ ಬೋಳು?" ಟೀಚರು ಕೇಳಿದಳು.

ಬಿಸಿನೀರಣ್ಣ ನಗು ನಿಲ್ಲಿಸಿದ. ಹೋದ ವರ್ಷವೂ ಹೀಗೇ ಒಂದು ಪ್ರಶ್ನೆ ಬಂದಿತ್ತು.

"ಅದು ಬಾಟಲಿ ಗೋಡೆಗೆ ತಾಗ್ಕೊಂಡಿತ್ತು ಮಿಸ್. ಹರಳು ಕೂರೋಕೆ ಜಾಗ ಇರ್ಲಿಲ್ಲ. ಈ ಕಡೆ ದಪ್ಪ ಇರೋದು ಯಾಕೆ ಅಂದ್ರೆ, ಇಲ್ಲಿ ನೂಲು ಜಾಸ್ತಿ ಸುತ್ತಿದ್ದೆ. ಮುಂದಿನ ಸಲ ನಟ್ಟನಡುವೆ ಕಟ್ತೀನಿ."

ಬೀಗವಿರಲಿ, ಬಾಗಿಲೇ ಇಲ್ಲದ ಹಾಗೆ ಮಾತು ಹರಿಯಿತು. ಮಕ್ಕಳು ಕುರ್ಚಿ ಬಿಟ್ಟೆದ್ದು ಕಿಟಕಿಗೆ ಮುತ್ತಿಕೊಂಡರು. ಆ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಾಗಿ ಪಕ್ಕದ ನಲ್ಲಿ ತಿರುಗಿತು. ನೀರು ಕೆಳಕ್ಕೆ ಬೀಳಲಿಲ್ಲ. ನಲ್ಲಿಯ ಮೂತಿಯಲ್ಲಿ ಉಪ್ಪು ಕಟ್ಟಿ, ಇದ್ದ ಒಂದೇ ಸಂದಿಯಿಂದ ಪಿಚಕಾರಿಯಂತೆ ಓರೆಯಾಗಿ ಹಾರಿ ನೇರವಾಗಿ ನಕ್ಷತ್ರದ ಮೇಲೆ ಚಿಮ್ಮತೊಡಗಿತು. ನಿಲ್ಲಿಸಲು ಹೋದವರ ಕೈಗೆ ನಲ್ಲಿ ತಿರುಗಿಸುವ ಕಿವಿ ಬಿಗಿದುಕೊಂಡು ಜಪ್ಪಯ್ಯ ಎನ್ನಲಿಲ್ಲ. ಪಟಿಕಕ್ಕೆ ನೀರು ಬಿದ್ದರೆ ಕರಗುತ್ತದೆ.

"ಅಪ್ಪಾ!"

ಬಿಸಿನೀರಣ್ಣ ಒಂದೇ ನೆಗೆತಕ್ಕೆ ಕಿಟಕಿಯ ಬಳಿ ಬಂದ. ಬಂದವನು ನಿಂತುಬಿಟ್ಟ. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. ಮಗಳ ಮುಖ ನೋಡಿದ.

ಚೂಟಿ ನಕ್ಷತ್ರಕ್ಕೆ ತನ್ನೆರಡು ಅಂಗೈ ಅಡ್ಡ ಹಿಡಿದುಕೊಂಡು ಕೂಗಿದಳು: "ನಕ್ಷತ್ರ ಮುಟ್ಬೇಡ! ನಲ್ಲಿ ಮುಟ್ಟು!"

ಅಷ್ಟು ಸಾಕಾಗಿತ್ತು. ಜೇಬಿನಿಂದ ಸ್ಕ್ರೂಡ್ರೈವರು ಬಂತು, ಕಿವಿ ತಿರುಗಿತು, ನೀರು ನಿಂತಿತು. ನಲ್ಲಿಯ ಮೂತಿ ಬಿಚ್ಚಿ, ಎಲ್ಲರೂ ನೋಡುತ್ತಿದ್ದ ಹಾಗೆ, ಹೊಟ್ಟೆ ತುಂಬುವಷ್ಟು ಕೆರೆದ. ಎರಡು ದಿನದಿಂದ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗಳ ಹಸಿವೆಲ್ಲ ತೀರಿತು. ಬಿಳಿಯ ಹೆಪ್ಪು ಕಳಚಿ ಅಂಗೈಗೆ ಬಿತ್ತು. ತಿರುಗಿ ಜೋಡಿಸಿ ನೀರು ಬಿಟ್ಟರೆ, ಗೆರೆ ಎಳೆದ ಹಾಗೆ ನೆಟ್ಟಗೆ ಇಳಿಯಿತು.

ಕೈಯಲ್ಲಿದ್ದುದನ್ನು ಅಭ್ಯಾಸಬಲದಿಂದ ಕಸದ ಬುಟ್ಟಿಗೆ ಹಾಕಲು ಹೋದವನು ತಡೆದು, ಬಿಸಿಲಿಗೆ ಹಿಡಿದು ನೋಡಿದ. ಅಂಥ ಚಂದವೇನೂ ಇರಲಿಲ್ಲ. ಮಂಕು, ಒರಟು. ಆದರೂ ಮಗಳ ಮುಂದೆ ಚಾಚಿದ. ಚೂಟಿ, ಟೀಚರು ಇಬ್ಬರೂ ಬಗ್ಗಿ ನೋಡಿದರು.

"ನಮ್ಮ ಶಾಲೆ ತಾನೇ ಬೆಳೆಸಿದ್ದು ಅಂದ್ರೆ ಇದೊಂದೇ ಇರಬೇಕು," ಎಂದಳು ಟೀಚರು, ವೇದಿಕೆಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ. ಹೇಳಿಬಿಟ್ಟ ಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ. ಆ ತುಣುಕನ್ನು ಇಸಿದುಕೊಂಡು ನಕ್ಷತ್ರದ ಕೆಳಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

ಬಹುಮಾನ ಮುಂದಿನ ಸಾಲಿನ ಯಾವುದೋ ನಕ್ಷತ್ರಕ್ಕೆ ಹೋಯಿತು. ಯಾವುದಕ್ಕೆ ಎಂದು ಕೊಟ್ಟವರಿಗೂ ಗೊತ್ತಾಗಿರಲಾರದು. ಚಪ್ಪಾಳೆ ಬಿದ್ದಾಗ ಚೂಟಿ ಆ ಕಡೆ ತಿರುಗಿಯೂ ನೋಡಲಿಲ್ಲ, ಅವಳಿಗೆ ಪುರುಸೊತ್ತಿರಲಿಲ್ಲ. ನೀರು ಬಿದ್ದು ಇನ್ನೊಂದು ಮೂಲೆಯೂ ಅರ್ಧ ಕರಗಿತ್ತು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಅದಕ್ಕೆ ಬೆರಳು ತೋರಿಸಿ ಕೇಳುತ್ತಿದ್ದಳು, ಇವಳು ಅದಕ್ಕೂ ಕಾರಣ ಹೇಳುತ್ತಿದ್ದಳು.

ಬಿಸಿನೀರಣ್ಣನ ಫೋನು ಹೊಡೆದುಕೊಂಡಿತು. ನೋಡಿದ, ಆಫ್ ಮಾಡಿ ಜೇಬಿಗಿಟ್ಟ. ಮಗಳು ಹೇಳುವುದನ್ನು ಕೇಳುತ್ತ ನಿಂತ. ಈ ಸಲ ಹ್ಞೂಂ ಎನ್ನಲಿಲ್ಲ.